ಅತ್ತಿಗೆಯನ್ನು ಆಸ್ಪತ್ರೆಗೆ ಕರೆದೊಯ್ಯುವ ಮುನ್ನ

ತಮ್ಮ ಅಪ್ಪಯ್ಯನಿಗೆ,

ನೀನು ತೂಬಗೆರೆಗೆ ಹೋದ ಮೇಲೆ ನಿಮ್ಮತ್ತಿಗೆಗೆ ನೋವು ಜಾಸ್ತಿಯಾಯ್ತು. ಸೂಲಗಿತ್ತಿ ಮುತ್ಯಾಲಮ್ಮ, "ಮಗು ಅಡ್ಡ ತಿರುಗಿದೆ, ನನ್ನ ಕೈಲಾಗಲ್ಲ" ಅಂದುಬಿಟ್ಟಳು. ಗಾಡಿ ಕಟ್ಟಿದ್ದೀನಿ, ದೊಡ್ಡಬಳ್ಳಾಪುರದ ಆಸ್ಪತ್ರೆಗೆ ಹೋಗ್ತೀವಿ. ಮುತ್ಯಾಲಮ್ಮನೂ ಬರ್ತಾಳೆ. ಮನೇಲಿ ಹೇಳಿ ಬರೋಕೆ ಹೋಗಿದ್ದಾಳೆ, ಬಂದ ತಕ್ಷಣ ಹೊರಡೋದು.

ಅವ್ವ ದೇವರ ಮುಂದಿಂದ ಏಳ್ತಿಲ್ಲ. ಬಲವಂತ ಮಾಡಿಯಾದರೂ ಗಂಜಿ ಕುಡಿಸು. ಸಂಜೆ ಹಸುವಿನ ಹಾಲು ಕರಿ. ಮೇವು ಹಾಕೋದು ಮರೀಬೇಡ, ನಿಂಗೆ ಎಲ್ಲಾನೂ ಹೇಳಿಸ್ಕೊಂಡೇ ಅಭ್ಯಾಸ.

"ಕೊಟ್ಟೋನು ಅವನೇ, ಕಾಯೋನೂ ಅವನೇ" ಅಂತಾಳೆ ಅವ್ವ. ಅವಳಷ್ಟು ಧೈರ್ಯ ನಂಗಿಲ್ಲ ಕಣೋ. ದಾರೀಲಿ ಏನಾದರೂ ಆದರೆ ಏನು ಮಾಡಲಿ?

ಗಾಡಿಗೆ ಹತ್ತಿಸುವಾಗ ನಿಮ್ಮತ್ತಿಗೆ, "ನಾನು ತಿರುಗಿ ಬರ್ತೀನಾ?" ಅಂತ ಕೇಳಿದಳು. "ನಮ್ಮ ದೇವರು ಘಾಟಿ ಸುಬ್ಬಪ್ಪ ಕರ್ಕೊಂಡು ಬರ್ತಾನೆ" ಅಂದೆ. ಹೆದರಿಕೆಗೆ ಬಾಯಿಗೆ ಬಂದ ಮಾತು ಅದು. ಅವಳು ಮಾತ್ರ ಅದನ್ನೇ ನಂಬಿ, ನನ್ನ ಕೈ ಬಿಟ್ಟು, ಕಣ್ಣು ಮುಚ್ಚಿ ಮಲಗಿದ್ದಾಳೆ. ಇನ್ನು ನಾನೂ ನಂಬಲೇಬೇಕು. ನೀನೂ ನಂಬು, ಅಪ್ಪಯ್ಯ.

ನಿನ್ನ ಅಣ್ಣ