ಅವನ ಬೆನ್ನ ಹಿಂದಿನ ಕುರ್ಚಿ

ಭಾನುವಾರ, ಸಂಜೆ

ನನ್ನ ಮುದ್ದಿನ ತಂಗೀ,

ಫೋನಿನಲ್ಲಿ ಹೇಳಹೊರಟರೆ ನೀನು ಅತ್ತು ರಂಪ ಮಾಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಗುಂಡ ಮನೆಗೆ ಬರುವುದಿಲ್ಲವಂತೆ.

ಆಶ್ರಮದವರು ಮೊನ್ನೆ ಮಾತುಕತೆಗೆ ಕರೆದಿದ್ದರು. ಅಮ್ಮ ಆಸ್ಪತ್ರೆ ಸೇರಿದಾಗ ಅವನನ್ನು ಸದ್ಯಕ್ಕೆಂದು ಅಲ್ಲಿ ಬಿಟ್ಟಿದ್ದೆವಷ್ಟೆ. ಅಮ್ಮ ಹೋದ ಮೇಲೆ ಅವನು ನನ್ನ ಜೊತೆ ಇರಬೇಕೋ, ಅಲ್ಲೇ ಇರಬೇಕೋ ಎಂದು ಮನೆಯವರನ್ನೂ ಕೂರಿಸಿಕೊಂಡು ತೀರ್ಮಾನಿಸಬೇಕಂತೆ. ನನ್ನ ತಮ್ಮ ನನ್ನ ಮನೆಗೆ ಬರುವುದರಲ್ಲಿ ತೀರ್ಮಾನಿಸುವುದೇನು ಬಂತು ಎಂದುಕೊಂಡೇ ಹೋದೆ. ಕೋಣೆಗೆ ಬಣ್ಣ ಬಳಿಸಿಯಾಗಿತ್ತು, ಕಿಟಕಿಯ ಪಕ್ಕ ಅವನ ಮಂಚ ಹಾಕಿಸಿಯಾಗಿತ್ತು.

ಆಶ್ರಮದ ಡಾಕ್ಟರಮ್ಮ, ‘ಅಕ್ಕನ ಜೊತೆ ಮನೆಗೆ ಹೋಗ್ತೀರಾ?’ ಎಂದು ಅವನನ್ನೇ ಕೇಳಿದರು. ನಮ್ಮ ಮನೆಯ ರೂಢಿ ನಿನಗೆ ಗೊತ್ತಲ್ಲ. ಯಾರು ಏನು ಕೇಳಿದರೂ ಅವನು ಅಮ್ಮನ ಮುಖ ನೋಡುತ್ತಿದ್ದ. ಅವಳು ಹುಬ್ಬು ಏರಿಸಿದರೆ ಹೂಂ, ಗಂಟಿಕ್ಕಿದರೆ ಊಹೂಂ. ಈಗ ನನ್ನ ಮುಖ ನೋಡಿದ. ನಾನೂ ಹುಬ್ಬು ಏರಿಸಿದೆ. ಆಕೆಯ ಕಣ್ಣಿಗೆ ಅದು ಬಿದ್ದೇಬಿಟ್ಟಿತು. ‘ನೀವು ಸ್ವಲ್ಪ ಅವರ ಹಿಂದೆ ಕೂತ್ಕೊಳ್ತೀರಾ?’ ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಆದರೂ ಕುರ್ಚಿ ಎಳೆದುಕೊಂಡು ಅವನ ಬೆನ್ನ ಹಿಂದೆ ಕೂತೆ.

ಅವನ ಕತ್ತು ಆ ಕಡೆ ಈ ಕಡೆ ಹೊರಳಿತು. ಹೂಂ ಊಹೂಂ ಹೇಳುವ ಮುಖ ಎಲ್ಲೂ ಸಿಗಲಿಲ್ಲ. ಕೊನೆಗೆ, ‘ಇಲ್ಲೇ ಇರ್ತೀನಿ’ ಎಂದ. ಇನ್ನೊಮ್ಮೆ ಕೇಳಿದರೂ ಅದೇ ಮಾತು.

‘ಮಗು ಬುದ್ಧಿ, ಅವನಿಗೇನ್ರೀ ಗೊತ್ತಾಗುತ್ತೆ!’ ಎಂದು ರೇಗಿದೆ. ಅವನೆದುರೇ ರೇಗಿದೆ ಕಣೇ. ಅವನು ಅಂಗಿಯ ಗುಂಡಿ ತಿರುಗಿಸುತ್ತ ಕೂತ. ನಿಮ್ಮ ತಮ್ಮ ಸ್ಪಷ್ಟವಾಗಿಯೇ ಹೇಳಿದ್ದಾರೆ, ಅವರ ಮಾತಿಗೂ ಬೆಲೆ ಕೊಡೋಣ ಎಂದರು ಡಾಕ್ಟರಮ್ಮ. ಒಪ್ಪಿಕೊಂಡೆ. ಒಪ್ಪದೆ ಏನು ಮಾಡಲಿ? ಎತ್ತಿ ಆಡಿಸಿದ ತಮ್ಮನಿಗೆ ನಾನೇ ಬೇಡವಾದೆನಲ್ಲ ಎಂದು ಬಸ್ಸಿನಲ್ಲಿ ಬಿಕ್ಕಿ ಬಿಕ್ಕಿ ಅತ್ತೆ. ಪಕ್ಕದಲ್ಲಿದ್ದ ಹೆಂಗಸು, ಪಾಪ, ಹೆದರಿ ಬೇರೆ ಸೀಟಿಗೆ ಹೋದಳು.

ಅವನ ಮೇಲೆ ಮುನಿಸಿಕೊಳ್ಳಬೇಡ. ಮಂಚ ಅಲ್ಲೇ ಇರಲಿ, ನೀನು ಬಂದಾಗ ಮಲಗುವೆಯಂತೆ.

ಇಂತಿ, ನಿನ್ನನ್ನು ನೋಡಲು ಕಾಯುತ್ತಿರುವ
ಅಕ್ಕ

ತಾ.ಕ.: ಒಂದು ಸಂಗತಿ ಬಿಟ್ಟಿದ್ದೇನೆ. ಬಿಟ್ಟೇ ಅಂಚೆಗೆ ಹಾಕೋಣವೆಂದಿದ್ದೆ, ಮನಸ್ಸು ಒಪ್ಪಲಿಲ್ಲ. ಹೊರಡುವಾಗ ಅವನು ಗೇಟಿನವರೆಗೂ ಬಂದ. ಮನೆ ಯಾಕೋ ಬೇಡ ಎಂದು ಕೇಳಿದೆ. ‘ನಾನು ಬರೋವರೆಗೂ ಇಲ್ಲಿಂದ ಎಲ್ಲೂ ಹೋಗ್ಬೇಡ ಅಂತ ಅಮ್ಮ ಹೇಳಿದಾಳೆ. ಬಂದಾಗ ನಾನಿಲ್ಲದಿದ್ರೆ ಹುಡುಕ್ತಾಳೆ’ ಎಂದ. ಅಮ್ಮ ಹೋದದ್ದನ್ನು ಅವನಿಗೆ ಹೇಳುವುದು ಬೇಡ, ತಡೆದುಕೊಳ್ಳಲಾರ ಎಂದು ನಾವಿಬ್ಬರೇ ತೀರ್ಮಾನಿಸಿದ್ದೆವಲ್ಲ. ಅವನಿಗೆ ಗೊತ್ತಿದೆ ಎಂದೇ ಡಾಕ್ಟರಮ್ಮ ತಿಳಿದಿದ್ದಾರೆ. ಬೇಗ ಹೊರಟು ಬಾ. ನನ್ನೊಬ್ಬಳ ಬಾಯಿಂದ ಆ ಮಾತು ಹೊರಡುವುದಿಲ್ಲ.