ಜನರೇಟರ್ ಹಿಂದಿನ ಕಂಬ

ಕುಷಾಯಿಗೂಡ, ಹೈದರಾಬಾದ್
೧೦ ನವೆಂಬರ್ ೨೦೨೪, ರವಿವಾರ

ಪ್ರೀತಿಯ ಸಮರ್ಥಣ್ಣಾ,

ಹ್ಯಾಂಗಿದ್ದೀ? ದೋಹಾದಾಗ ಬಿಸಿಲು ಸ್ವಲ್ಪರೆ ಇಳದೈತೇನು? ಸೈಟಿನ್ಯಾಗ ನಿಂತು ನಿಂತು ನಿನ್ನ ಮೊಣಕಾಲು ಹಿಡಕೊಂಡಿತ್ತಲ್ಲ, ಈಗ ಕಡಿಮಿ ಆತೇನು? ಅತ್ತಿಗಿ, ಹುಡುಗ್ರು ಆರಾಮ ಇರಬೇಕು. ಇಲ್ಲಿ ಅವ್ವ ಗಟ್ಟಿ ಅದಾಳ. ಮುಂಜಾನೆದ್ದು ಗೇಟಿನ ಮುಂದ ಕಾಯಿಪಲ್ಲೆದವನ ಜೋಡಿ ತೆಲುಗಿನ್ಯಾಗ ಜಗಳಾ ಮಾಡ್ತಾಳ, ಒಳಗ ಬಂದು ನನಗ ಕನ್ನಡದಾಗ ಬೈತಾಳ. ನೀ ವಾರಾ ವಾರಾ ಫೋನ್ ಮಾಡಾಕತ್ತಿದ್ದಕ್ಕ ಆಕಿಗೆ ಭಾಳ ಖುಷಿ. ಮೊದಲ ಹಬ್ಬಕ್ಕೊಮ್ಮೆ ಮಾಡಾಂವ, ಈ ಮಳಿಗಾಲದಿಂದ ಒಂದು ರವಿವಾರ ತಪ್ಪಿಸಿಲ್ಲ. ನಾನೂ ಖುಷಿ ಪಟ್ಟಿದ್ದೆ.

ಈ ಮಾತು ಫೋನಿನ್ಯಾಗ ಆಗೂದಲ್ಲ. ನೀ ಒಮ್ಮೆ ನಕ್ಕರ ನಾ ಕರಗಿಬಿಡ್ತೀನಿ, ಮ್ಯಾಲ ಅವ್ವ ಬಾಜೂಕ ಕುಂತಿರ್ತಾಳ. ಅದಕ್ಕ ಬರಿಯಾಕತ್ತೀನಿ. ನಮ್ಮ ಓಣಿ ರೇಣುಕಾ ದೋಹಾಕ್ಕ ಹೊಂಟಾಳ, ಆಕಿ ಕೈಯಾಗ ಕೊಡ್ತೀನಿ.

ಸೈಟ್ ಇಂಜಿನಿಯರ್ ಕೆಲಸ ಬಿಟ್ಟು ನಾ ವಕೀಲಿ ಓದ್ತೀನಿ ಅಂದಾಗ ಮನ್ಯಾಗ ನನ್ನ ಕಡೆ ನಿಂತಾಂವ ನೀ ಒಬ್ಬನ. "ಕಟ್ಟೂದು ಗೊತ್ತಿದ್ದಾಕಿ ಕೋರ್ಟಿನ್ಯಾಗ ನಿಂತ್ರ ಬಿಲ್ಡರ್‌ಗಳು ನಡಗ್ತಾರ" ಅಂದಿದ್ದಿ. ಆ ಮಾತಿನ ಮ್ಯಾಲ ಇಷ್ಟು ವರ್ಷ ಬರೇ ಕಟ್ಟಡದ ಕೇಸ್ ಹಿಡದು ಬದಕೀನಿ. ಮಿಯಾಪುರದ ಕೇಸೂ ಹಂಗ ಬಂದದ್ದು. ಶೈಲಾ ಅಂತ ಸಾಲಿ ಟೀಚರ್ ತಮ್ಮ ಅಪಾರ್ಟ್‌ಮೆಂಟಿನ ಕೆಳಗ ಗಾಡಿ ನಿಲ್ಲಸೂ ಸೆಲ್ಲಾರಿನ ಕಂಬದಾಗಿನ ಬಿರುಕಿನ ಫೋಟೋ ತಂದು ತೋರಿಸಿದ್ಲು. "ಮೇಡಂ, ರಾತ್ರಿ ಲಾರಿ ಹೋದ್ರ ಗ್ಲಾಸ್ ನಡಗ್ತಾವ್ರಿ" ಅಂದ್ಲು. ಹೋಗಿ ನೋಡಿದೆ. ಬಿರುಕಿನೊಳಗ ಕಬ್ಬಿಣ ತುಕ್ಕು ಹಿಡದು ಉಬ್ಬಿತ್ತು. ಮ್ಯಾಲ ಅಷ್ಟು ಮಂದಿ ಹುಡುಗರನ್ನ ಮಲಗಿಸಿಕೊಂಡು ಮಲಗ್ತಾರಣ್ಣ.

ಆದ್ರ ನಾ ಹೆಜ್ಜಿ ಇಡೂಕಿಂತ ಮೊದಲ ಬಿಲ್ಡರ್ ಅಲ್ಲಿ ನಿಂತಿರ್ತಿದ್ದ. ರ‍್ಯಾಂಪ್ ಕೆಳಗಿನ ಕಂಬದ ಫೋಟೋ ತಗೀಬೇಕು ಅಂತ ಹೋದ್ರ ಅದಕ್ಕ ಆಗಲೇ ನುಣ್ಣಗ ಸಿಮೆಂಟ್ ಬಳದಿದ್ರು. ಕಂಬ ಕೊರದು ತುಣುಕು ಲ್ಯಾಬಿಗೆ ಕಳಸಬೇಕು ಅಂತ ಅರ್ಜಿ ತಯಾರ ಮಾಡಿದ್ರ, ನಾ ಹಾಕೂ ಮೊದಲ ಅವರ ವಕೀಲನ ತಕರಾರು ಬಂತು. ನನ್ನ ಬಾಯಾಗಿನ ಮಾತಿಗೆ ಅವನ ಕಾಗದದಾಗ ಉತ್ತರ ಇತ್ತು.

ಯಾರೋ ಹೇಳಾಕತ್ತಾರ ಅಂತ ತಿಳೀತು. ಅವತ್ತಿನಿಂದ ನಾ ಮನಷ್ಯಾಳ ಆಗಿ ಉಳಿಲಿಲ್ಲ. ಜೂನಿಯರ್ ಸೂರಜ್ ಫೋನ್ ಹಿಡದು ಹೊರಗ ಹೋದ್ರ ಬಾಗಲಾ ಹಿಂದ ನಿಂತು ಕೇಳಿದೆ. ಅವನ ಎದುರು ಫೈಲ್ ತೆರೆಯೂದು ಬಿಟ್ಟೆ. ಒಂದಿನ ಅಂವ, "ನಂಬಿಕಿ ಇಲ್ಲಂದ್ರ ಬಾಯಿ ಬಿಟ್ಟು ಹೇಳ್ರಿ ಮೇಡಂ, ಹಿಂಗ ನೋಡಬ್ಯಾಡ್ರಿ" ಅಂದ. ಮನ್ಯಾಗ ಗಂಡ ಅಕ್ಷಯನ್ನೂ ಬಿಡಲಿಲ್ಲ. ಮಾದಾಪುರದಾಗ ಅವರ ಆಫೀಸಿನವರು ಯಾರೋ ಅದೇ ಬಿಲ್ಡರ್ ಕಡೆ ಫ್ಲ್ಯಾಟ್ ತಗೊಂಡಾರಂತ. ಅಷ್ಟಕ್ಕ ಊಟಕ್ಕ ಕುಂತಾಗ ಕೇಸಿನ ಮಾತು ಆಡೂದು ನಿಲ್ಲಿಸಿದೆ. "ನಾ ನಿನ್ನ ಗಂಡ, ಎದುರು ಪಾರ್ಟಿ ಅಲ್ಲ" ಅಂದು ತಾಟು ಸರಿಸಿ ಎದ್ದು ಹ್ವಾದ್ರು.

ಕಡೀಕ ಒಂದು ಕೆಲಸ ಮಾಡಿದೆ. ಕೊರೆಯಾಕ ಇಂಥಾ ಕಂಬ ಆರಿಸೀನಿ ಅಂತ ಒಬ್ಬೊಬ್ಬರಿಗೆ ಒಂದೊಂದು ಹೇಳಿದೆ. ಸೂರಜ್‌ಗ ಲಿಫ್ಟಿನ ಪಕ್ಕದ್ದು, ಅಕ್ಷಯಗ ನೀರಿನ ಸಂಪಿನ ಕಡೇದು. ಹ್ವಾದ ರವಿವಾರ ನೀ ವಾರಾ ಕೇಳೂ ಹಂಗ ಫೋನಿನ್ಯಾಗ "ಕೇಸ್ ಎಲ್ಲಿಗೆ ಬಂತು ತಂಗೀ?" ಅಂತ ಕೇಳಿದಾಗ ನಿನಗ ಜನರೇಟರ್ ಹಿಂದಿಂದು ಅಂದೆ. ಸಂಶಯ ಇತ್ತಂತ ಅಲ್ಲ, ದೇವರಾಣಿ. ಲೆಕ್ಕಕ್ಕ ನಿನ್ನೂ ಹಿಡದಿದ್ದೆ ಅಷ್ಟ.

ಶುಕ್ರವಾರ ಮುಂಜಾನೆ ಶೈಲಾನ ಕರಕೊಂಡು ಸೆಲ್ಲಾರಿಗೆ ಇಳದೆ. ಲಿಫ್ಟಿನ ಕಂಬ ಇದ್ದಂಗ ಇತ್ತು. ಸಂಪಿನ ಕಂಬದಾಗಿನ ಬಿರುಕು ಹಂಗ ಬಾಯಿ ತೆರಕೊಂಡಿತ್ತು. ಜನರೇಟರ್ ಹಿಂದಿನ ಕಂಬಕ್ಕ ನೆಲದಿಂದ ಸೂರಿನ ತನಕ ಹೊಸಾ ಸಿಮೆಂಟು. ಕೈ ಇಟ್ಟೆ, ಇನ್ನಾ ಹಸಿ ಇತ್ತು. ಅದು ಇಡೀ ಸೆಲ್ಲಾರಿನ್ಯಾಗ ಗಟ್ಟಿ ಇದ್ದ ಕಂಬ ಅಣ್ಣಾ. ಅದಕ್ಕ ಏನೂ ಆಗಿದ್ದಿಲ್ಲ.

ಅಲ್ಲೇ ಮೆಟ್ಟಲ ಮ್ಯಾಲ ಕುಂತೆ. "ಏನಾತ್ರಿ ಮೇಡಂ?" ಅಂತ ಶೈಲಾ ಕೇಳಿದ್ಲು. ಆ ಕಂಬದ ಫೋಟೋ ತಗಿಯಾಕ ಹೇಳಿದೆ. ಮನಿಗೆ ಬಂದು ಅವ್ವಗ ಸುಮ್ಮನ ಕೇಳಿದೆ, ಅಣ್ಣ ವಾಪಸ್ ಬರೂ ಮಾತು ಆಡ್ಯಾನೇನು ಅಂತ. ಆಕಿ ಮಾರಿ ಅರಳಿತು. "ನಿನಗ ಹೇಳಬ್ಯಾಡ ಅಂದಾನ. ಇಲ್ಲೇ ದೊಡ್ಡ ಬಿಲ್ಡರ್ ಕಡೆ ಮ್ಯಾನೇಜರ್ ಆಗ್ತಾನಂತ. ಉಗಾದಿಗೆ ಎಲ್ಲಾರೂ ಕೂಡಿ ಇರೂದು" ಅಂದ್ಲು. ಯಾವ ಬಿಲ್ಡರ್ ಅಂತ ನಾ ಕೇಳಲಿಲ್ಲ.

ಸೂರಜ್‌ನ ಎದುರು ಕುಂದರಿಸಿಕೊಂಡು ಕ್ಷಮಾ ಕೇಳೀನಿ. ಅಕ್ಷಯಗ ಎಲ್ಲಾ ಹೇಳಿದೆ. ಅವರು ಚಾ ಮಾಡಿ ತಂದು ಕೊಟ್ರು. ನಿನಗ ಏನಂತ ಬರೀಲಿ? ನಿನ್ನ ಮ್ಯಾಲಿನ ಜೀವ ಹೋಗಿಲ್ಲ, ಅದ ನನಗ ತ್ರಾಸು. ಅತ್ತಿಗಿಗೆ ನನ್ನ ನಮಸ್ಕಾರ, ಹುಡುಗರ ಕೆನ್ನಿಗೆ ಒಂದೊಂದು ಮುತ್ತು. ಮೊಣಕಾಲಿಗೆ ಎಣ್ಣಿ ಹಚ್ಚೂದು ಬಿಡಬ್ಯಾಡ.

ನಿನ್ನ ತಂಗಿ,
ಸಂಯುಕ್ತಾ

ತಾ.ಕ.: ರೇಣುಕಾ ಬಾಗಲದಾಗ ನಿಂತಾಳ, ಲಗೂನ ಬರೀತೀನಿ. ಗಟ್ಟಿ ಕಂಬಕ್ಕ ಕದ್ದು ಸಿಮೆಂಟ್ ಬಳದದ್ದ ಈಗ ಶೈಲಾನ ಮಂದಿಗೆ ಬಿಲ್ಡರ್ ವಿರುದ್ಧ ದೊಡ್ಡ ಸಾಕ್ಷಿ. ಅದನ್ನ ಹೇಳಬೇಕಾದಾಕಿ ನಾನ, ಸಾಕ್ಷಿ ಹೇಳಾಕಿ ಅದೇ ಕೇಸಿನ ವಕೀಲಿ ಮಾಡಾಕ ಬರೂದಿಲ್ಲ, ಅದಕ್ಕ ಈ ಕೇಸ್ ಬ್ಯಾರೆ ವಕೀಲರಿಗೆ ಒಪ್ಪಿಸೀನಿ. ಕಟಕಟಿಯೊಳಗ ನಿಂತಾಗ, ಆ ಕಂಬದ ಮಾತು ಯಾರಿಗೆ ಹೇಳಿದ್ದಿ ಅಂತ ಕೇಳೇ ಕೇಳ್ತಾರ. ನಾ ನಿನ್ನ ಹೆಸರು ಹೇಳಾಕಿ. ಅದರ ಮೊದಲ ನೀನ ಬಂದು ಅವ್ವಗ ಹೇಳು. ಆಕಿ ಇದನ್ನ ಮಂದಿ ಬಾಯಿಂದ ಕೇಳೂದು ಬ್ಯಾಡ.