ಎರಡೂ ಕಡೆ ಕೂತ ಕೇಬಲ್

ಹಳೇ ಮನೆ, ಮೂರನೇ ಮಹಡಿ
ಸೋಮವಾರ, ಹದಿನೆಂಟನೇ ತಾರೀಕು, ಸಂಜೆ

ಪ್ರೀತಿಯ ಇವಳೇ,

ಹೀಗೆ ಕರೆಯಬಹುದೋ ಬಾರದೋ ಗೊತ್ತಿಲ್ಲ. ಮೊದಲು ನಿನ್ನ ಹೆಸರು ಬರೆದು ನೋಡಿದೆ, ಬ್ಯಾಂಕಿನವರು ಕಳಿಸಿದ ಕಾಗದದ ಹಾಗೆ ಕಂಡಿತು, ಹರಿದು ಹಾಕಿದೆ. ಹದಿನಾರು ವರ್ಷ 'ಇವಳೇ' ಎಂದೇ ಕೂಗಿದ್ದೇನೆ, ಇನ್ನೊಂದು ಸಲ ಸಹಿಸಿಕೋ. ನಿನ್ನ ಸೊಂಟ ನೋವು ಹೇಗಿದೆ? ಹೊಸ ಮನೆಗೆ ಲಿಫ್ಟ್ ಇದೆಯೆಂದು ಚೋಟಿ ಹೇಳಿದಳು, ಕೇಳಿ ಸಮಾಧಾನವಾಯಿತು. ಇಲ್ಲಿ ಮೂರು ಮಹಡಿ ಹತ್ತಿ ಇಳಿದೇ ನಿನ್ನ ಸೊಂಟ ಹಾಳಾಗಿದ್ದು, ಅದೂ ನನ್ನ ತಪ್ಪೇ ಎಂದಿಟ್ಟುಕೋ. ಮಲಗುವ ಮುಂಚೆ ಬಿಸಿನೀರಿನ ಚೀಲ ಇಟ್ಟುಕೊಳ್ಳುತ್ತೀ ತಾನೇ? ಅದರ ಮುಚ್ಚಳ ಸಡಿಲ, ನೋಡಿಕೋ. ನಾನು ಚೆನ್ನಾಗಿದ್ದೇನೆ. ಕೆಮ್ಮು ಹೋಗಿದೆ, ಅಡುಗೆ ಒಂದು ಮಟ್ಟಕ್ಕೆ ಬಂದಿದೆ, ಅಂದರೆ ನನ್ನ ನಾಲಿಗೆಯೇ ಅದಕ್ಕೆ ಒಗ್ಗಿಕೊಂಡಿದೆ. ಫೋನ್ ಬಿಟ್ಟು ಕಾಗದ ಏತಕ್ಕೆ ಎಂದು ಹುಬ್ಬು ಗಂಟಿಕ್ಕಬೇಡ. ಫೋನಿನಲ್ಲಿ ಮೂರನೇ ಮಾತಿಗೇ ನಮಗೆ ಜಗಳ ಹತ್ತಿಕೊಳ್ಳುತ್ತದೆ. "ನಿಮ್ಮ ಬಾಯಿಂದ ಒಂದು ಮಾತು ಹೊರಡಿಸೋದಕ್ಕಿಂತ ಗೋಡೆ ಜೊತೆ ಮಾತಾಡೋದು ವಾಸಿ ರೀ" ಎನ್ನುತ್ತಿದ್ದೆಯಲ್ಲ, ಆ ಗೋಡೆ ಇವತ್ತು ಪೂರಾ ಮಾತಾಡಿಬಿಡುತ್ತದೆ, ಕೇಳಿಸಿಕೋ.

ವಿಷಯ ಗೇಮ್ ಪೆಟ್ಟಿಗೆಯದು. ನಗಬೇಡ. ನೀವು ಹೋದ ದಿನ ಟಿವಿಗೆ ನಾನೇ ಕಂಬಳಿ ಸುತ್ತಿ ಗಾಡಿಗೆ ಏರಿಸಿದೆ, ಸಂಜೆಹೊತ್ತು ನಿನಗೆ ಅದಿಲ್ಲದೆ ಆಗುವುದಿಲ್ಲ ಎಂದು. ಗೇಮ್ ಪೆಟ್ಟಿಗೆಯನ್ನೂ ಅದರ ಎರಡು ಕಂಟ್ರೋಲರ್‌ಗಳನ್ನೂ ಇನ್ನೊಂದು ಚೀಲಕ್ಕೆ ತುಂಬುತ್ತಿದ್ದೆ, ಚೋಟಿ ಬಂದು ಕೈ ಹಿಡಿದಳು. "ಇದು ಇಲ್ಲೇ ಇರಲಿ ಅಪ್ಪ, ನಾನು ಬಂದಾಗ ಆಡೋಣ" ಅಂದಳು. ಆ ಒಂದು ಮಾತಿನ ಮೇಲೆ ನಾನು ಐದು ತಿಂಗಳು ದೂಡಿದ್ದೇನೆ. ಆದರೆ ಟಿವಿ ಇಲ್ಲದೆ ಆ ಪೆಟ್ಟಿಗೆ ಏನು ಮಾಡೀತು? ಭಾನುವಾರ ಮೂರಕ್ಕೆ ಬರುತ್ತಾಳೆ, ಆರಕ್ಕೆ ಹೋಗುತ್ತಾಳೆ. ಶಾಲೆ ಹೇಗಿದೆ, ಚೆನ್ನಾಗಿದೆ. ಅಮ್ಮ ಹೇಗಿದ್ದಾಳೆ, ಚೆನ್ನಾಗಿದ್ದಾಳೆ. ಅಲ್ಲಿಗೆ ಹತ್ತು ನಿಮಿಷ. ಆಮೇಲೆ ನಾನು ಕಿತ್ತಳೆ ಸುಲಿಯುತ್ತೇನೆ, ಅವಳು ಫೋನ್ ನೋಡುತ್ತಾ ತಿನ್ನುತ್ತಾಳೆ. ಹೋದ ತಿಂಗಳು ಒಂದು ಭಾನುವಾರ ಏಳು ಹಣ್ಣು ಸುಲಿದೆ. ಆರನೆಯದಕ್ಕೆ "ಸಾಕಪ್ಪ" ಅಂದಳು, ಏಳನೆಯದನ್ನು ನಾನೇ ತಿಂದೆ. ಹೊಸ ಟಿವಿ ತರಬಾರದಿತ್ತೇ ಎಂದು ನೀನು ಕೇಳುತ್ತೀ. ತಂದರೆ ಈ ಮನೆ ಇನ್ನು ಹೀಗೇ ಎಂದು ಒಪ್ಪಿಕೊಂಡ ಹಾಗಾಗುತ್ತಿತ್ತು. ನೀವು ವಾಪಸು ಬಂದ ಮೇಲೆ ಒಂದೇ ಮನೆಯಲ್ಲಿ ಎರಡು ಟಿವಿ ಇಟ್ಟುಕೊಂಡು ಏನು ಮಾಡುವುದು ಎಂದು ನನ್ನ ಹುಚ್ಚು ಯೋಚನೆ.

ಹಾಗಾಗಿ ಚೋಟಿಯ ಕೋಣೆಯ ಹಳೇ ಕಂಪ್ಯೂಟರಿಗೆ ಪೆಟ್ಟಿಗೆಯನ್ನು ಜೋಡಿಸುವುದು ಎಂದು ಹೋದ ಸೋಮವಾರ ತೀರ್ಮಾನ ಮಾಡಿದೆ. ಪರದೆ ಇದೆ, ಅಷ್ಟು ಸಾಕಲ್ಲ. ಪೆಟ್ಟಿಗೆಯ ಬೆನ್ನಿಗೆ ಒಂದು ಚಪ್ಪಟೆ ಕಿಂಡಿ, ಕಂಪ್ಯೂಟರಿನ ಸಿಪಿಯು ಬೆನ್ನಿಗೂ ಅಂಥದ್ದೇ ಒಂದು. ಟಿವಿಗೆ ಹಾಕುತ್ತಿದ್ದ ಕೇಬಲ್ ಇಲ್ಲೇ ಉಳಿದಿತ್ತು. ಒಂದು ತುದಿ ಇದಕ್ಕೆ, ಇನ್ನೊಂದು ತುದಿ ಅದಕ್ಕೆ. ಎರಡೂ ಕಡೆ ಎಷ್ಟು ಚೆನ್ನಾಗಿ ಕೂತಿತು ಎಂದರೆ ಎಳೆದರೂ ಅಲ್ಲಾಡಲಿಲ್ಲ. ನನ್ನ ಕಸುಬು ನಿನಗೆ ಗೊತ್ತೇ ಇದೆ. ಇಪ್ಪತ್ತೆರಡು ವರ್ಷದಿಂದ ಕಂಡವರ ಬಾಯಿಗೆ ಹಲ್ಲಿನ ಸೆಟ್ ಮಾಡಿ ಕೊಡುತ್ತಾ ಬಂದವನು. ಡಾಕ್ಟರು ಬಾಯಿಯ ಅಚ್ಚು ತೆಗೆದು ಲ್ಯಾಬಿಗೆ ಕಳಿಸುತ್ತಾರೆ, ನಾನು ಸೆಟ್ ಮಾಡಿ ಪ್ಲಾಸ್ಟರಿನ ಅಚ್ಚಿನ ಮೇಲೆ ಕೂರಿಸಿ ನೋಡುತ್ತೇನೆ, ಕೂತರೆ ಕೆಲಸ ಮುಗಿಯಿತು. ನಮ್ಮಲ್ಲಿ ಅದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ. ಆದ್ದರಿಂದ ಕೇಬಲ್ ಮೇಲೆ ನನಗೆ ಚೂರೂ ಅನುಮಾನ ಬರಲಿಲ್ಲ. ಪರದೆಯ ಮೇಲೆ ಮಾತ್ರ ಅದೇ ಹಳೇ ಫೋಟೋ, ನೀನೂ ಚೋಟಿಯೂ ಸಮುದ್ರದ ದಂಡೆಯಲ್ಲಿ ಒಂದೇ ಟೋಪಿಗೆ ಕಿತ್ತಾಡುತ್ತಿರುವುದು. ಸೋಮವಾರ, ಮಂಗಳವಾರ, ಬುಧವಾರ, ಲ್ಯಾಬಿನಿಂದ ಬಂದವನೇ ಕೈ ಮೇಲಿನ ಪ್ಲಾಸ್ಟರ್ ಪುಡಿ ಕೂಡ ತೊಳೆಯದೆ ಅದರ ಮುಂದೆ ಕೂತೆ. ಸೆಟ್ಟಿಂಗ್ ಎಂದು ಎಲ್ಲೆಲ್ಲಿ ಬರೆದಿದೆಯೋ ಅಲ್ಲೆಲ್ಲ ಒತ್ತಿದೆ. ಒಮ್ಮೆ ಪರದೆಯೇ ತಲೆಕೆಳಗಾಗಿ ನೀವಿಬ್ಬರೂ ಸಮುದ್ರ ಸಮೇತ ನೇತಾಡಿದಿರಿ. ನಿಮ್ಮನ್ನು ಕೆಳಗಿಳಿಸಲು ನನಗೆ ಒಂದು ಗಂಟೆ ಹಿಡಿಯಿತು.

ಕಂಟ್ರೋಲರ್‌ಗಳು ಮಾತ್ರ ಮೊದಲ ದಿನವೇ ಒಲಿದವು. ವೈರ್ ಚುಚ್ಚಿದ ತಕ್ಷಣ ಕಂಪ್ಯೂಟರು ಟಿಣ್ ಎಂದಿತು, ದೀಪ ಹೊತ್ತಿಕೊಂಡಿತು. ಆಮೇಲೆ ವೈರ್ ತೆಗೆದು ಬ್ಲೂಟೂತ್‌ನಲ್ಲೂ ಸೇರಿಸಿದೆ, ಎರಡೂ ಕಂಪ್ಯೂಟರಿನ ಪಟ್ಟಿಯಲ್ಲಿ ಬಂದು ಕೂತವು. ಅರ್ಧ ಕೆಲಸ ಆಯಿತು ಎಂದು ಬೀಗಿದೆ, ಕುಣಿಯುವುದೊಂದು ಬಾಕಿ. ನಿನಗೆ ನೆನಪಿದೆಯೇ, ಒಂದು ಸಲ ಚೋಟಿ ನಿನ್ನ ಕೈಗೂ ಕಂಟ್ರೋಲರ್ ಕೊಟ್ಟಿದ್ದಳು. ಪರದೆಯ ಮೇಲೆ ಕಾರು ಬಲಕ್ಕೆ ತಿರುಗಬೇಕಾದರೆ ನೀನು ಇಡೀ ಮೈಯನ್ನೇ ಬಲಕ್ಕೆ ವಾಲಿಸಿ ನನ್ನ ಮೇಲೆ ಬೀಳುತ್ತಿದ್ದೆ. ಆಗ ನಾನು "ನೆಟ್ಟಗೆ ಕೂತ್ಕೊಳ್ಳೇ" ಎಂದು ಗದರಿದ್ದೆ. ಯಾಕೆ ಗದರಿದೆನೋ, ಈಗ ಯೋಚಿಸಿದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಇರಲಿ. ಆ ಬೀಗಿದ ಭರದಲ್ಲಿ ಚೋಟಿಗೆ 'ಈ ಭಾನುವಾರ ಆಟ ರೆಡಿ' ಎಂದು ಮೆಸೇಜ್ ಹಾಕಿಬಿಟ್ಟೆ. ಅವಳು ಒಂದು ಹೆಬ್ಬೆರಳಿನ ಚಿತ್ರ ಕಳಿಸಿದಳು. ಅದನ್ನು ಆ ವಾರ ಎಷ್ಟು ಸಲ ತೆಗೆದು ನೋಡಿದೆ ಎಂದು ಹೇಳಲು ನಾಚಿಕೆಯಾಗುತ್ತದೆ.

ಗುರುವಾರ ಊಟದ ಬಿಡುವಿನಲ್ಲಿ ಲ್ಯಾಬಿನ ಎದುರು ಸಾಲಿನ ಕಂಪ್ಯೂಟರ್ ರಿಪೇರಿಯವನ ಹತ್ತಿರ ಹೋದೆ. ಉದ್ದ ಕತ್ತಿನವನು, ಗಿರಾಕಿ ಬಂದರೂ ತಲೆ ಎತ್ತುವುದಿಲ್ಲ. ನನ್ನ ಕಥೆಯನ್ನೆಲ್ಲ ಕೇಳಿದ ಮೇಲೆ ತಲೆ ಎತ್ತಿ ನಕ್ಕ. "ಎರಡೂ ಔಟೇ ಸರ್. ಆ ಪೆಟ್ಟಿಗೇನೂ ಚಿತ್ರ ಕೊಡೋದೇ, ನಿಮ್ಮ ಸಿಪಿಯುನೂ ಕೊಡೋದೇ. ತಗೊಳ್ಳೋರು ಯಾರು ಮಧ್ಯದಲ್ಲಿ?" ಎಂದ. ಮೂರು ಸಂಜೆ ಆ ಎರಡು ಯಂತ್ರಗಳೂ ಒಂದರ ಮುಖಕ್ಕೆ ಒಂದು ಚಿತ್ರ ಎಸೆಯುತ್ತಾ ಕೂತಿದ್ದವು, ನಾನು ಎದುರಿಗೆ ಪೆದ್ದನ ಹಾಗೆ ಸೆಟ್ಟಿಂಗ್ ಒತ್ತುತ್ತಿದ್ದೆ. ನಮ್ಮಿಬ್ಬರ ವಿಷಯ ಇವನಿಗೆ ಯಾರು ಹೇಳಿದರು ಎಂದು ಒಂದು ಕ್ಷಣ ಅನ್ನಿಸಿತು ನೋಡು. ಕಂಟ್ರೋಲರ್ ವಿಷಯದಲ್ಲೂ ಮಂಗಳಾರತಿ ಮಾಡಿದ: "ಅದು ಒಂದು ಸಲಕ್ಕೆ ಒಬ್ಬರ ಹತ್ರಾನೇ ಇರೋದು ಸರ್. ನೀವು ಕಂಪ್ಯೂಟರಿಗೆ ಸೇರಿಸಿದ್ರಿ, ಅದು ಪೆಟ್ಟಿಗೇನ ಮರೆತೇಬಿಡ್ತು. ವೈರ್ ಹಾಕಿ ಮತ್ತೆ ಪೆಟ್ಟಿಗೆಗೇ ಸೇರಿಸಿ." ನೇರವಾಗಿ ಮಾನಿಟರಿಗೇ ಹಾಕೋಣವೆಂದರೆ ನಮ್ಮ ಮಾನಿಟರು ಹಳೇ ಕಾಲದ್ದು, ಆ ಕಿಂಡಿಯೇ ಇಲ್ಲ, ಎರಡು ಸ್ಕ್ರೂ ತಿರುಗಿಸುವ ನೀಲಿ ಪಿನ್ನು ಮಾತ್ರ. ಚಿತ್ರವನ್ನು ತೆಗೆದುಕೊಂಡು ಕಂಪ್ಯೂಟರಿನ ಯುಎಸ್‌ಬಿಗೆ ದಾಟಿಸುವ ಒಂದು ಪುಟ್ಟ ತುಂಡು ಬರುತ್ತದಂತೆ, ಶನಿವಾರಕ್ಕೆ ತರಿಸಿಕೊಡುತ್ತೇನೆ ಎಂದ. ನಾನು "ಚಿತ್ರ ಬಂದರೆ ಸಾಕು ಮಾರಾಯ" ಎಂದು ಕೈ ಮುಗಿಯುವುದೊಂದು ಬಿಟ್ಟು ಎಲ್ಲ ಮಾಡಿದೆ.

ಶನಿವಾರ ಸಂಜೆ ಚಿತ್ರ ಬಂತು! ಟೋಪಿಯ ಫೋಟೋ ಮೇಲೆ ಒಂದು ಕಿಟಕಿ ತೆರೆದುಕೊಂಡು, ಅದರೊಳಗೆ ಚೋಟಿ ಆಡುತ್ತಿದ್ದ ಆ ನರಿಮರಿಯ ಆಟ, ಹಸಿರು ಗುಡ್ಡ, ಟುಂಟುಂ ಸಂಗೀತ ಎಲ್ಲ. ನಾನೊಬ್ಬನೇ ಚಪ್ಪಾಳೆ ತಟ್ಟಿದೆ. ಕೆಳಗಿನ ಮನೆಯ ಟೈಪಿಸ್ಟ್ ಅಜ್ಜಿ ಮೇಲೆ ಬಂದು "ಏನಪ್ಪಾ, ಯಾರಾದ್ರೂ ಬಂದ್ರಾ?" ಎಂದು ಇಣುಕಿದರು. ನಾಳೆ ಬರುತ್ತಾಳೆ ಎಂದೆ. ಎರಡೂ ಕಂಟ್ರೋಲರ್‌ಗಳನ್ನು ವೈರ್ ಹಾಕಿ ಪೆಟ್ಟಿಗೆಗೆ ವಾಪಸು ಸೇರಿಸಿದೆ, ಬಣ್ಣ ನೋಡಿದೆ, ಶಬ್ದ ನೋಡಿದೆ, ಎಲ್ಲ ಕೂತಿದೆ ಎಂದು ಆರಿಸಿ, ಮೇಲೆ ಒಂದು ಬಟ್ಟೆ ಮುಚ್ಚಿಟ್ಟೆ. ಆಡಿ ಮಾತ್ರ ನೋಡಲಿಲ್ಲ. ಬಾಯಿ ನೋಡುವವರು ಡಾಕ್ಟರು, ನಾನು ಅಚ್ಚು ನೋಡುವವನು. ನನ್ನ ಸೆಟ್ ಹಾಕಿಕೊಂಡು ಯಾರಾದರೂ ಊಟ ಮಾಡುವುದನ್ನು ಇಷ್ಟು ವರ್ಷದಲ್ಲಿ ನಾನು ಒಂದು ಸಲವೂ ನೋಡಿದವನಲ್ಲ.

ನಿನ್ನೆ ಮೂರಕ್ಕೆ ಐದು ನಿಮಿಷ ಇರುವಾಗಲೇ ಬಂದಳು. ಎಷ್ಟು ಉದ್ದ ಆಗಿದ್ದಾಳೆ ಇವಳು! ಹುಟ್ಟಿದಾಗ ಚೋಟುದ್ದ ಇದ್ದಳೆಂದು ಇಟ್ಟ ಹೆಸರು ಇನ್ನು ನಡೆಯುವುದಿಲ್ಲ. ಬಟ್ಟೆ ಸರಿಸಿ ತೋರಿಸಿದಾಗ "ವಾವ್ ಅಪ್ಪ, ನೀನೇ ಮಾಡಿದ್ಯಾ?" ಅಂದಳು. ಕಣ್ಣು ನಿಜವಾಗಿಯೂ ಅರಳಿತು, ಅದು ನನ್ನ ಕಲ್ಪನೆಯಲ್ಲ. ಇಬ್ಬರೂ ಕುರ್ಚಿ ಎಳೆದುಕೊಂಡು ಕೂತೆವು. ನರಿಮರಿ ಓಡಿತು, ಮೊದಲನೇ ಹಳ್ಳ ಬಂತು, ಚೋಟಿ ಗುಂಡಿ ಒತ್ತಿದಳು. ನರಿಮರಿ ಸೀದಾ ಹೋಗಿ ಹಳ್ಳಕ್ಕೆ ಬಿತ್ತು. ಮತ್ತೆ ಓಡಿತು, ಮತ್ತೆ ಬಿತ್ತು. ಅವಳು ಒತ್ತಿದ್ದು ಕಾಣುವುದಕ್ಕೆ ಕಣ್ಣು ಮಿಟುಕಿಸುವಷ್ಟು ಹೊತ್ತು ಹಿಡಿಯುತ್ತಿತ್ತು, ಅಷ್ಟರಲ್ಲಿ ನರಿಮರಿಯ ಕಥೆ ಮುಗಿದಿರುತ್ತಿತ್ತು. ಆ ತುಂಡನ್ನು ದಾಟಿ ಬರುವಾಗ ಚಿತ್ರ ತಡವಾಗುತ್ತದಂತೆ. ಇವತ್ತು ಬೆಳಿಗ್ಗೆ ಉದ್ದ ಕತ್ತಿನವನು "ನೋಡೋಕೆ ಸರಿ ಸರ್, ಆಡೋಕೆ ಆಗಲ್ಲ. ಚಿತ್ರ ಬಂದ್ರೆ ಸಾಕು ಅಂದ್ರಲ್ಲ ನೀವೇ" ಅಂದುಬಿಟ್ಟ.

ಹನ್ನೊಂದು ಸಲ ಬಿದ್ದಳು. ಹಳೇ ಚೋಟಿಯಾಗಿದ್ದರೆ ಎರಡನೇ ಸಲಕ್ಕೇ "ಅಯ್ಯೋ ಅಪ್ಪ, ನಿಂಗೇನೂ ಬರಲ್ಲ ಬಿಡು!" ಎಂದು ದಿಂಬು ಎತ್ತಿ ನನ್ನ ತಲೆಗೆ ಎಸೆಯುತ್ತಿದ್ದಳು. ನಿನ್ನೆ ನನ್ನ ಕಡೆ ತಿರುಗಿ "ಪರವಾಗಿಲ್ಲ ಅಪ್ಪ. ಚಿತ್ರ ತುಂಬ ಚೆನ್ನಾಗಿ ಬರ್ತಿದೆ" ಅಂದಳು. ನೆಂಟರ ಮನೆಯಲ್ಲಿ ಉಪ್ಪು ಜಾಸ್ತಿಯಾದ ಅಡುಗೆಯನ್ನು ಚೆನ್ನಾಗಿದೆ ಎನ್ನುವುದಿಲ್ಲವೇ, ಹಾಗೆ. ಅವಳು ಬೈದಿದ್ದರೆ ಇಡೀ ವಾರ ಅದನ್ನೇ ನೆನೆಸಿಕೊಂಡು ಸುಖವಾಗಿರುತ್ತಿದ್ದೆ. ಆಮೇಲೆ "ನೀನು ಆಡು, ನಾನು ನೋಡ್ತೀನಿ" ಎಂದಳು. ನಾನು ಆಡಿದೆ, ನಾನೂ ಬಿದ್ದೆ, ಅವಳು ನಗಬೇಕಾದ ಕಡೆ ನಕ್ಕಳು. ಎರಡೂ ಕಂಟ್ರೋಲರ್‌ಗಳ ವೈರನ್ನು ನೀಟಾಗಿ ಸುತ್ತಿ ಮೇಜಿನ ಮೇಲೆ ಇಟ್ಟಳು. ಹದಿಮೂರು ವರ್ಷದಲ್ಲಿ ಒಂದು ವಸ್ತುವನ್ನಾದರೂ ಸುತ್ತಿಟ್ಟವಳೇ ಅವಳು? ಆರಕ್ಕೆ ಕಾಲು ಗಂಟೆ ಇರುವಾಗ "ಹೊರಡ್ಲಾ ಅಪ್ಪ?" ಎಂದು ಕೇಳಿದಳು. ತನ್ನ ಮನೆಯಿಂದ ಹೊರಡಲು ಅಪ್ಪಣೆ ಕೇಳುವುದನ್ನು ಮಕ್ಕಳು ಯಾವಾಗ ಕಲಿಯುತ್ತಾರೆ? ಹೂಂ ಎಂದೆ. ಮೆಟ್ಟಿಲು ಮುಗಿಯುವವರೆಗೆ ನಿಧಾನವಾಗಿ ಇಳಿದಳು, ಗೇಟು ದಾಟಿದ ಮೇಲೆ ಓಡಿದಳು. ಕಿಟಕಿಯಿಂದ ಕಂಡಿತು.

ಇಷ್ಟೇ ಸಮಾಚಾರ. ನಿನ್ನ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು, ಅವರು ಸ್ವೀಕರಿಸುವ ಮನಸ್ಸಿನಲ್ಲಿದ್ದರೆ. ಭಾರ ಎತ್ತಬೇಡ, ನೀರಿನ ಕ್ಯಾನ್ ಚೋಟಿ ಎತ್ತಲಿ. ಇಬ್ಬರಿಗೂ ಒಳ್ಳೆಯದಾಗಲಿ ಎಂದು ದಿನಾ ಅಂದುಕೊಳ್ಳುತ್ತೇನೆ, ಅಷ್ಟು ಮಾತ್ರ ನನ್ನ ಕೈಲಾಗುತ್ತದೆ.

ಎಂದಿನಂತೆ,
ಚೋಟಿಯ ಅಪ್ಪ

ಮರೆತು ಬಿಟ್ಟದ್ದು: ಮರೆತೆ ಎಂದರೆ ಸುಳ್ಳು, ಬರೆಯಲು ಧೈರ್ಯ ಬರಲಿಲ್ಲ. ಅಂಚೆ ತೆಗೆಯುವ ಹೊತ್ತಾಯಿತು, ಬೇಗ ಹೇಳಿಬಿಡುತ್ತೇನೆ. ನಿನ್ನೆ ಮಧ್ಯದಲ್ಲಿ ನಾನು ನೀರು ತರಲು ಒಳಗೆ ಹೋದಾಗ ಅವಳು ಬಾಲ್ಕನಿಯಲ್ಲಿ ಗೆಳತಿಯ ಜೊತೆ ಫೋನಿನಲ್ಲಿದ್ದಳು. ಅಡುಗೆಮನೆಯ ಕಿಟಕಿ ತೆರೆದಿತ್ತು. "ಇಲ್ಲ ಕಣೇ, ಭಾನುವಾರ ಆಗಲ್ಲ. ಯಾವ ಭಾನುವಾರಾನೂ ಆಗಲ್ಲ. ಹೋಗಲ್ಲ ಅಂದ್ರೆ ಅಮ್ಮ ಬಿಡಲ್ಲ, ಅಪ್ಪ ಪಾಪ ಒಬ್ಬನೇ ಇರ್ತಾನೆ ಅಂತಾಳೆ" ಅಂದಳು. ಅವಳು ತಾನಾಗಿಯೇ ಬರುತ್ತಿದ್ದಾಳೆ ಎಂದುಕೊಂಡಿದ್ದೆ. ನೀನು ಕಳಿಸುತ್ತಿದ್ದೆ ಎಂದು ಗೊತ್ತಿರಲಿಲ್ಲ. ಸಿಟ್ಟಿಲ್ಲ, ಒಳ್ಳೆಯದಕ್ಕೇ ಮಾಡಿದ್ದೀ. ಆದರೆ ಇನ್ನು ಕಳಿಸಬೇಡ. ಲ್ಯಾಬಿನಲ್ಲಿ ಭಾನುವಾರವೂ ಕೆಲಸ ಶುರುವಾಯಿತಂತೆ ಎಂದು ಅವಳಿಗೆ ನೀನೇ ಹೇಳು, ನಾನು ಹೇಳಿದರೆ ದನಿಯಲ್ಲೇ ಹಿಡಿದುಬಿಡುತ್ತಾಳೆ. ಕೇಳಿದಾಗ ಅವಳ ಮುಖ ಹೇಗಾಯಿತು ಎಂದು ಮಾತ್ರ ನನಗೆ ಬರೆಯಬೇಡ.